ಕೂದಲು ಕೊಟ್ಟು ಕೊಂಡ ಡಬ್ಬಿ

ಬಾಚುವಾಗ ಉದುರಿದ ಕೂದಲನ್ನು ಉಂಡೆ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸುವುದು ಬಸವಾಪಟ್ಟಣದ ಚೌಡಕ್ಕನ ಹಳೇ ರೂಢಿ. ಕೂದಲು ಕೊಳ್ಳುವವನು ಓಣಿಗೆ ಬಂದಾಗ ಕೊಟ್ಟರೆ ನಾಲ್ಕು ಹೇರ್‌ಪಿನ್ನು ಸಿಗುತ್ತಿತ್ತು. ಈ ಸಲ ಅವನು ಉಂಡೆಗಳನ್ನು ತೂಗಿ, ಮುಚ್ಚಳದ ಸ್ಟೀಲ್ ಡಬ್ಬಿಯನ್ನೇ ಕೊಟ್ಟ. ಚೌಡಕ್ಕ ಹಿಗ್ಗಿದಳು. ಆಮೇಲೆ ತುರುಬು ಮುಟ್ಟಿಕೊಂಡಳು. ತೆಂಗಿನಕಾಯಿ ಗಾತ್ರವಿದ್ದದ್ದು ನಿಂಬೆಹಣ್ಣಿಗೆ ಇಳಿದಿತ್ತು.

ಇಡೀ ಓಣಿಯಲ್ಲಿ ಅಂಥ ತುರುಬು ಇನ್ನೊಬ್ಬರಿಗಿರಲಿಲ್ಲ. ಕೂಲಿ ಹೆಂಗಸಿಗೆ ಅದೊಂದೇ ಜಂಬ, ಯಾಕಿರಬಾರದು?

ಸೊಸೆ ರೂಪಶ್ರೀ ಚನ್ನಗಿರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅಡಿಕೆ ಸುಲಿದೂ ಸುಲಿದೂ ಬಲಗೈ ಭುಜದವರೆಗೆ ಹಿಡಿದುಕೊಂಡಿದ್ದು, ಅದಕ್ಕೆ ಅತ್ತೆ ತಿಂಗಳುಗಟ್ಟಲೆ ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ನುಂಗುತ್ತಿದ್ದದ್ದು ಅಲ್ಲಿ ಹೊರಬಿತ್ತು.

"ಕೂದಲು ಉದುರುವುದು ಆ ಗುಳಿಗೆಯಿಂದಲೂ ಇರಬಹುದು, ಬೇರೆ ಕಾರಣಕ್ಕೂ ಇರಬಹುದು. ರಕ್ತ ಟೆಸ್ಟ್ ಮಾಡಿ ನೋಡೋಣ. ಸದ್ಯಕ್ಕೆ ಗುಳಿಗೆ ಬಿಡಿ, ಕೈಗೆ ರೆಸ್ಟ್ ಕೊಡಿ" ಎಂದರು ಡಾಕ್ಟರು.

ಅಡಿಕೆ ಸುಗ್ಗಿಯಲ್ಲಿ ಕೈಗೆ ರೆಸ್ಟಂತೆ! ಚೌಡಕ್ಕ ಕೂದಲಿನ ಆಸೆಗೆ ಗುಳಿಗೆ ಬಿಟ್ಟಳು, ಸುಲಿಯುವುದನ್ನು ಬಿಡಲಿಲ್ಲ.

ವಾರದೊಳಗೆ ಕೈ ತಲೆಯ ತನಕ ಏಳದಾಯಿತು. ಒಂದು ಬೆಳಿಗ್ಗೆ ಬಾಚಣಿಗೆ ಹಿಡಿದು ಹೊಸ್ತಿಲ ಮೇಲೆ ಸುಮ್ಮನೆ ಕೂತೇ ಇದ್ದಳು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಹಾಗೆ: ಗುಳಿಗೆ ನುಂಗಿದರೆ ಕೂದಲಿಲ್ಲ, ಬಿಟ್ಟರೆ ಇರುವ ಕೂದಲು ಕಟ್ಟಲು ಕೈಯಿಲ್ಲ. ಅವಳಿಗೆ ಸಾಕಾಗಿ ಹೋಗಿತ್ತು.

"ತಿರುಗಿ ಕುಂತ್ಕಳ್ರಿ ಅತ್ತೆ, ನಾ ಕಟ್ತೀನಿ" ಎಂದಳು ರೂಪಶ್ರೀ.

ಯಾರಿಗೂ ತಲೆ ಮುಟ್ಟಗೊಡದ ಚೌಡಕ್ಕ ತಿರುಗಿ ಕೂತಳು. ಸೊಸೆ ಹಗುರಾಗಿ ಬಾಚಿ ತುರುಬು ಕಟ್ಟಿದಳು. ಬಾಚಣಿಗೆಗೆ ಬಂದದ್ದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಮುಚ್ಚಿಡಬ್ಯಾಡ ಬಿಡೇ, ನಂಗೊತ್ತೈತೆ. ಸಂದಿಗೆ ಸಿಗ್ಸು. ಹಂಗೇ ಆ ಡಬ್ಬಿ ತಾ."

"ಡಾಕ್ಟ್ರು ಬ್ಯಾಡ ಅಂದಾರಲ್ಲ ಅತ್ತೆ."

"ಕೈ ಬಿದ್ದೋದ್ರೆ ಹೊಟ್ಟಿಗೆ ಹಾಕಾಕೆ ಡಾಕ್ಟ್ರು ಬರ್ತಾರೇನು?"

ಮುಚ್ಚಳ ತೆಗೆಯಲೂ ಅತ್ತೆಯ ಕೈಗೆ ಆಗುತ್ತಿರಲಿಲ್ಲ, ರೂಪಶ್ರೀಯೇ ತೆಗೆದುಕೊಟ್ಟಳು. ಕೂದಲು ಕೊಟ್ಟು ಕೊಂಡ ಆ ಡಬ್ಬಿಯಲ್ಲಿ ಉಳಿದ ಗುಳಿಗೆಗಳಿದ್ದವು. ಚೌಡಕ್ಕ ಒಂದನ್ನು ನುಂಗಿ, ನೀರು ಕುಡಿದು, ಅಡಿಕೆ ಸುಲಿಯಲು ಹೊರಟಳು.