ಕಾಲರಾ ಷೆಡ್ಡಿನ ಗಡಿಗೆ

“ಇಕಿ ಮನಸು ಕೆಟ್ಟೈತಂತ. ಇದ್ರಾಗ ಏನೈತಲೇ ಕೆಡಾಕ?”

ಬಳ್ಳಾರಿಯಿಂದ ಬಂದಿದ್ದ ಡಾಕ್ಟರು ಹೀಗಂದು ಹೊಟ್ಟೆ ಕುಣಿಸಿ ನಕ್ಕರು. ಪಕ್ಕದಲ್ಲಿದ್ದ ನೀರಿನ ಆಳು ಕೊಟ್ರಬಸಪ್ಪ ಅವರಿಗಿಂತ ಜೋರಾಗಿ ನಕ್ಕ. ಸಾಹೇಬರು ಸೀನಿದರೂ ನಗುವ ಆಸಾಮಿ ಅವನು. ವರಾಂಡದ ಕೆಳಗೆ ಬಿಸಿಲಲ್ಲಿ ನಿಂತಿದ್ದ ಉಚ್ಚೆಂಗೆಮ್ಮ ಬಾಯಿಗೆ ಸೆರಗೊತ್ತಿಕೊಂಡಳು.

ಅವಳು ಕೇಳಿದ್ದಾದರೂ ಏನು? ಗಂಟಲಲ್ಲಿ ನೀರಿಳಿಯುತ್ತಿಲ್ಲ, ಮನಸ್ಸು ಕೆಟ್ಟಿದೆ, ಕುರುಗೋಡಿನ ತಂಗಿ ಮನೆಯಲ್ಲಿ ನಾಲ್ಕು ದಿನ ಮಲಗಿದ್ದು ಬರುತ್ತೇನೆ ಎಂದಿದ್ದಳು, ಅಷ್ಟೇ. ಸಿರುಗುಪ್ಪದಲ್ಲಿ ಕಾಲರಾ ಇಳಿಯುತ್ತ ಬಂದಿತ್ತು. ದಣಿದ ಮನಸ್ಸಿಗೆ ವಿಶ್ರಾಂತಿ ಬೇಕೆಂದು ಡಾಕ್ಟರೇ ಎರಡು ದಿನದಲ್ಲಿ ಊಟಿಗೆ ಹೊರಡುವವರಿದ್ದರು. ಆ ಪುಣ್ಯಾತ್ಮ ದಣಿದದ್ದು ಎಲ್ಲಿ ಅಂತೀರಿ? ಆಸ್ಪತ್ರೆ ಅಂಗಳದ ತುದಿಯ ತಗಡಿನ ಷೆಡ್ಡಿಗೆ ದಿನಾ ಬಂದು, ಹೊಸ್ತಿಲಾಚೆಯೇ ಮೂಗಿಗೆ ಕರವಸ್ತ್ರ ಹಿಡಿದು ನಿಂತು, ಇವತ್ತೆಷ್ಟು ಹೋದವು ಎಂದು ಕೇಳುವುದರಲ್ಲಿ. ಒಳಗೆ ಹೇಲು ವಾಂತಿ ಬಳಿದು, ಹೆಣ ತೊಳೆದು ಸಾಗಿಸುತ್ತಿದ್ದವಳು ಉಚ್ಚೆಂಗೆಮ್ಮ ಒಬ್ಬಳೇ.

ಅಲ್ಲಿ ಅವಳು ಎಲ್ಲವನ್ನೂ ಮುಟ್ಟಬಹುದಿತ್ತು, ಕುಡಿಯುವ ನೀರಿನ ಗಡಿಗೆಯೊಂದನ್ನು ಬಿಟ್ಟು. ಸಾಯುವವರಾದರೂ ಕುಲ ಕೆಡಿಸಿಕೊಂಡು ಸಾಯಬಾರದಲ್ಲ, ಅದಕ್ಕೆಂದೇ ಕೊಟ್ರಬಸಪ್ಪನನ್ನು ಇಟ್ಟುಕೊಂಡಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದು ವರುಷ ತಿರುಗಿತ್ತು, ಗಡಿಗೆಗೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ. ಕೊಟ್ರಬಸಪ್ಪನೋ ಮಹಾ ಧೀರ! ಗಡಿಗೆ ತುಂಬಿ ಬಾಗಿಲ ಹೊರಗಿನ ಕಟ್ಟೆಯ ಮೇಲಿಟ್ಟು, ಬೇವಿನ ಮರದಡಿ ಬೀಡಿ ಹಚ್ಚಿ ಕೂತನೆಂದರೆ ಯಾರು ಕೂಗಿದರೂ ಏಳುತ್ತಿರಲಿಲ್ಲ.

ಗಾದೆಮ್ಮ ಸತ್ತ ದಿನವೂ ಅವನು ಅಲ್ಲೇ ಕೂತಿದ್ದ. ಗಾದೆಮ್ಮ ಕಾಲರಾ ಬಡಿದು ಷೆಡ್ಡಿಗೆ ಬಂದಿದ್ದ ಹಸಿ ಬಾಣಂತಿ. ಉಚ್ಚೆಂಗೆಮ್ಮನ ತೊಡೆಯ ಮೇಲೆ ತಲೆಯಿಟ್ಟು, “ನೀನ ಕೊಡಬೇ ಯಕ್ಕಾ, ಒಂದು ಗುಟುಕು” ಎಂದು ಬೇಡಿದಳು. ಉಚ್ಚೆಂಗೆಮ್ಮ ಎದ್ದು ಗಡಿಗೆಗೆ ಕೈ ಚಾಚಿದ್ದಳು ಕೂಡ.

“ಮುಟ್ಟಿದ್ಯೋ ಕೈ ಕಡೀತೀನಿ, ರಂಡಿ. ಬೀಡಿ ಮುಗೀಲಿ, ಬರ್ತೀನಿ” ಎಂದು ಅವನು ಕೂತಲ್ಲಿಂದಲೇ ಗದರಿದ.

ಚಾಚಿದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು. ಅವನು ಬೀಡಿ ಮುಗಿಸಿ ಏಳುವಷ್ಟರಲ್ಲಿ ಗಾದೆಮ್ಮನ ಉಸಿರು ನಿಂತಿತ್ತು. ಅಂದಿನಿಂದ ಉಚ್ಚೆಂಗೆಮ್ಮನಿಗೆ ನೀರು ಸೇರದು. ಬಾಯಿಗೆ ಹಾಕಿಕೊಂಡದ್ದು ಹಾಗೇ ಹೊರಬರುತ್ತಿತ್ತು. ಒಂದಿಷ್ಟು ಅಂಬಲಿ ನೆಕ್ಕಿ ಜೀವ ಹಿಡಿದಿದ್ದಳು.

ನಗು ಮುಗಿದ ಮೇಲೆ ಡಾಕ್ಟರು ಔಷಧ ಹೇಳಿದರು. “ಸಂಜಿಗೆ ಸಾರಾಯಿ ಕುಡಿ, ಎಲ್ಲಾ ಇಳೀತೈತಿ. ನಾಳಿ ನಮ್ಮ ಮಂದಿ ಮನಶ್ಶಾಂತಿಗಂತ ಹೋಮ ಇಟ್ಟೀನಿ. ನೀನು ಷೆಡ್ಡಿನ ಬಾಗಲದಾಗ ನಿಂತು ಕೈ ಮುಗಿ, ಸಾಕು.”

ಮರುದಿನ ಅಂಗಳದಲ್ಲಿ ಚಪ್ಪರ ಎದ್ದಿತು. ಡಾಕ್ಟರು ಮಡಿಯುಟ್ಟು ಕೂತರು. ರೋಗಿಗಳ ನಡುವೆ ಪ್ರಾಣ ಒತ್ತೆಯಿಟ್ಟು ದುಡಿದವನೆಂದು ಕೊಟ್ರಬಸಪ್ಪನಿಗೆ ಶಾಲು ಹೊದಿಸಿದರು. ಅವನು ನಾಚಿದ, ನಾಚಿಕೆಗೇಡಿ. ಪುರೋಹಿತರು ಕಲಶದ ನೀರನ್ನು ಮಾವಿನೆಲೆಯಲ್ಲಿ ಚಿಮುಕಿಸುತ್ತ ಒಬ್ಬೊಬ್ಬರ ಮನಸ್ಸನ್ನೂ ತಂಪು ಮಾಡಿಕೊಂಡು ಬಂದರು. ಷೆಡ್ಡಿನ ಬಾಗಿಲ ಕಡೆಗೂ ದೂರದಿಂದ ನಾಲ್ಕು ಹನಿ ಎಸೆದರು. ಅವು ಅರ್ಧ ದಾರಿಯ ಮಣ್ಣಿಗೆ ಬಿದ್ದವು.

ಅಷ್ಟರಲ್ಲಿ ಒಳಗಿನಿಂದ ಗಾಡಿ ಹೊಡೆಯುವ ಅಂಜಿನಪ್ಪ ನರಳಿದ. ಷೆಡ್ಡಿನಲ್ಲಿ ಉಳಿದಿದ್ದ ರೋಗಿ ಅವನೊಬ್ಬನೇ.

“ನೀರಬೇ ಯವ್ವಾ.”

ಉಚ್ಚೆಂಗೆಮ್ಮ ಕಟ್ಟೆಯತ್ತ ನೋಡಿದಳು. ಶಾಲಿನ ಸಡಗರದಲ್ಲಿ ಕೊಟ್ರಬಸಪ್ಪ ಗಡಿಗೆ ತುಂಬಿಸಿಯೇ ಇರಲಿಲ್ಲ. ಅವಳು ಅಂಗಳ ದಾಟಿ ನೆಟ್ಟಗೆ ಚಪ್ಪರದೊಳಗೆ ನಡೆದಳು. ಮಂತ್ರ ನಿಂತಿತು. ಎಡಬಲಕ್ಕೆ ಕೂತವರು ಪಂಚೆ ಮುದುರಿಕೊಂಡು ಸರಿದು ದಾರಿ ಬಿಟ್ಟರು. ಪುರೋಹಿತರು ಮರಳಿ ಹೋಮಕುಂಡದ ಪಕ್ಕ ಇಟ್ಟಿದ್ದ ಕಲಶವನ್ನು ಅವಳು ಬಗ್ಗಿ ಎರಡೂ ಕೈಯಲ್ಲಿ ಎತ್ತಿಕೊಂಡಳು.

“ಗಡಿಗಿ ಖಾಲಿ ಐತ್ರಿ” ಎಂದು ಡಾಕ್ಟರಿಗೆ ಹೇಳಿ, ಬಂದ ದಾರಿಯಲ್ಲೇ ಹಿಂದಿರುಗಿದಳು.

ಅಂಜಿನಪ್ಪನ ಕತ್ತಿನ ಕೆಳಗೆ ತೋಳು ಕೊಟ್ಟು ಎಬ್ಬಿಸಿ ಕುಡಿಸಿದಳು. ಯಾರ ಕೈ ಎಂದು ಅವನು ಕೇಳಲಿಲ್ಲ. ಆ ವೇಳೆಗೆ ಅಂಗಳದ ಮಂದಿಯೆಲ್ಲ ಷೆಡ್ಡಿನ ಮುಂದೆ ಸೇರಿತ್ತು. ಪುರೋಹಿತರ ಬಾಯಿಂದ ಮಂತ್ರ ಹೋಗಿ ಅವ್ವ ಅಕ್ಕನ ಬೈಗುಳ ಹೊರಟಿತ್ತು.

“ಹೊರಗ ಬಾರಲೇ ಹಾದರಗಿತ್ತಿ, ಚರ್ಮ ಸುಲೀತೀನಿ” ಎಂದು ಕೊಟ್ರಬಸಪ್ಪ ಕೋಲು ಕುಟ್ಟಿದ.

“ನೀವ ಒಳಗ ಬರ್ರಿ. ಬಾಗಲ ತೆಗದೈತಿ.”

ಕೋಲು ಹೊಸ್ತಿಲಾಚೆಯೇ ನಿಂತಿತು. ಡಾಕ್ಟರ ಕರವಸ್ತ್ರ ಮೂಗಿಗೇರಿತು. ಅಷ್ಟು ಜನ ಗಂಡಸರಲ್ಲಿ ಒಬ್ಬನೂ ಒಳಗೆ ಕಾಲಿಡಲಿಲ್ಲ. ಉಚ್ಚೆಂಗೆಮ್ಮ ಅವರನ್ನೇ ನೋಡುತ್ತ ಕಲಶದ ಬಾಯಿಗೆ ತನ್ನ ಬಾಯಿಟ್ಟು, ಕಚ್ಚಿ ಕುಡಿದಳು. ನೀರು ಗಂಟಲಲ್ಲಿ ಇಳಿಯಿತು.