ಇಳಿಸದೆ ಬಿಟ್ಟ ತಡೆಗಳು

೨೦೨೫ರ ಫೆಬ್ರುವರಿ ೧೬, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಗೊಟ್ಟಿಗೆರೆಯ ಆಚೆಗಿನ ಖಾಸಗಿ ಕಾಲೇಜೊಂದರ ಟ್ರ್ಯಾಕಿನಲ್ಲಿ ಹೆಣ್ಣುಮಕ್ಕಳ, ತಡೆಗಳನ್ನು ಹಾರುತ್ತ ಓಡುವ ಸ್ಟೀಪಲ್‌ಚೇಸ್ ಆಯ್ಕೆ ಓಟ ಶುರುವಾಯಿತು. ಗೆದ್ದ ಇಬ್ಬರು ಜೂನಿಯರ್ ತಂಡದೊಂದಿಗೆ ವಿದೇಶಕ್ಕೆ ಹೋಗುತ್ತಾರೆ. ಬಿಟಿಎಂ ಬಡಾವಣೆಯಿಂದ ಬಂದಿದ್ದ ಭಾಗ್ಯಜ್ಯೋತಿಗೆ ಮುಂದಿನ ವರ್ಷ ಇಪ್ಪತ್ತು ತುಂಬುತ್ತದೆ. ಜೂನಿಯರ್ ಆಗಿ ಇದೇ ಕೊನೆಯ ಅವಕಾಶ.

ಹಿಂದೆಲ್ಲ ಹೆಣ್ಣುಮಕ್ಕಳ ಓಟವನ್ನು ನಸುಕಿನಲ್ಲೇ, ಯಾರೂ ಬರುವ ಮೊದಲೇ ಮುಗಿಸಿಬಿಡುತ್ತಿದ್ದರು. ಆಮೇಲೆ ತಡೆಗಳನ್ನು ಎತ್ತರಿಸಿ ಗಂಡುಮಕ್ಕಳನ್ನು ಓಡಿಸುವುದು ರೂಢಿ. ಈ ಸಲ ತಂಡದಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾದ ಸ್ಥಾನಗಳು. ಅದನ್ನು ಮುಖ್ಯ ಅತಿಥಿಗೆ ತೋರಿಸಬೇಕೆಂದು ಹೆಣ್ಣುಮಕ್ಕಳ ಓಟವನ್ನು ಕೊನೆಗಿಟ್ಟಿದ್ದರು.

ಎರಡನೇ ತಡೆಗೇ ಭಾಗ್ಯಜ್ಯೋತಿಯ ಎಡ ಮೊಣಕಾಲು ಬಡಿಯಿತು. ಸ್ಟೀಪಲ್‌ಚೇಸಿನ ತಡೆ ತಾಗಿದರೆ ಉರುಳುವುದಿಲ್ಲ; ಉರುಳುವುದು ಓಡುವವರು. ಅವಳ ಹಿಂದೆಯೇ ಮತ್ತಿಬ್ಬರು ಬಿದ್ದರು. ಕೋಚ್ ರೇಖಾ ಓಡಿಹೋಗಿ ಅವಳನ್ನು ಬದಿಗೆ ಎಳೆದಳು.

"ಭಾಳ ಎತ್ತರ ಅದ ರೀ ಅಕ್ಕಾ. ದಿನಾ ಹಾರೂದಲ್ಲ ಇದು."

ಓಟ ಮುಗಿದಾಗ ನಿಗದಿತ ಸಮಯದೊಳಗೆ ಬಂದವರು ಒಬ್ಬರೂ ಇರಲಿಲ್ಲ. ಆಯ್ಕೆ ಇಲ್ಲವೆಂದು ಮೈಕಿನಲ್ಲಿ ಸಾರಿ, ತಡೆಗಳನ್ನು ಸಾಗಿಸಲು ಟ್ರಾಲಿ ತರಿಸಿದರು. ಭಾಗ್ಯಜ್ಯೋತಿ ಬಿದ್ದ ತಡೆಯ ಮೇಲೆ ರೇಖಾ ಹತ್ತಿ ಕುಳಿತಳು.

"ಇಳೀರಿ ಮೇಡಂ," ಎಂದ ಮೈದಾನದ ಉಸ್ತುವಾರಿ ಯುವರಾಜ್.

"ಇದರ ಎತ್ತರ ಅಳೀರಿ, ಇಳೀತೀನಿ."

"ಓಡೋಕಾಗ್ದೇ ತಪ್ಪನ್ನ ಬ್ಯಾರಿಯರ್ ಮೇಲೆ ಹಾಕ್ತೀರಾ?"

"ಮೂರು ಜನಕ್ಕೂ ಒಟ್ಟಿಗೇ ಹಾರೋದು ಮರ್ತೋಯ್ತಾ ಸಾರ್? ಟೇಪ್ ತನ್ನಿ."

ಶಾಮಿಯಾನದಿಂದ ಯಾರೋ ಕೂಗಿದರು: "ಸಮಾನತೆ ಬೇಕು ಅಂತೀರಲ್ಲ, ಸಮಾನವಾಗಿ ಹಾರಿ!" ಒಂದಷ್ಟು ಜನ ನಕ್ಕರು.

"ನಿಮ್ ಹುಡುಗ್ರಿಗೆ ನಾಲ್ಕಡಿ ಇಟ್ಟು ಓಡ್ಸಿ, ಆಮೇಲೆ ನಗಿ!" ರೇಖಾ ತಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕಿರುಚಿದಳು. "ಇದನ್ನ ಎತ್ತೋದಾದ್ರೆ ನನ್ನನ್ನೂ ಸೇರಿಸಿ ಎತ್ಕೊಂಡ್ಹೋಗಿ!"

ಅತಿಥಿ ಇತ್ತ ತಿರುಗಿದರು. ಯುವರಾಜ್ ಟೇಪ್ ತರಿಸಿದ. ಹೆಣ್ಣುಮಕ್ಕಳಿಗೆ ತಡೆ ೭೬.೨ ಸೆಂಟಿಮೀಟರ್ ಇರಬೇಕು. ಇತ್ತು ೯೧.೪.

"ಹುಡುಗ್ರ ಓಟ ಆದ್ಮೇಲೆ ಎತ್ತರದ ಪಿನ್ ಇಳಿಸೋದು ಮರ್ತಿದ್ದಾರೆ. ಸಣ್ಣ ಮಿಸ್ಟೇಕು," ಎಂದ ಅವನು. "ನಾಲ್ಕು ಗಂಟೆಗೆ ಮತ್ತೆ ಓಡಿಸ್ತೀವಿ. ಈಗ ಖುಷೀನಾ?"

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ರೇಖಾ ಇಳಿದು ಚಿಕಿತ್ಸೆಯ ಟೆಂಟಿಗೆ ನಡೆದಳು. ಪಿನ್ ಮರೆತದ್ದನ್ನೂ ಮರು ಓಟವನ್ನೂ ಮೈಕಿನಲ್ಲಿ ಕೇಳಿ, ಭಾಗ್ಯಜ್ಯೋತಿ ಆಗಲೇ ಶೂ ಕಟ್ಟಿಕೊಳ್ಳಲು ಹೆಣಗುತ್ತಿದ್ದಳು.

"ನಾ ಓಡ್ತೀನಿ ರೀ."

"ಕಾಲು ಮಡಚು."

ಮಡಚಲಾಗಲಿಲ್ಲ. ತುಟಿ ಕಚ್ಚಿ ಮತ್ತೊಮ್ಮೆ ಯತ್ನಿಸಿದಳು. ಡಾಕ್ಟರು ಬೇಡವೆಂದು ತಲೆಯಾಡಿಸಿದರು.

"ಪಿನ್ ಮರೆತವರಿಗೆ ಏನೂ ಆಗಂಗಿಲ್ಲೇನ್ರಿ?"

ರೇಖಾ ಚೀಲದಿಂದ ಕಾಗದ, ಪೆನ್ನು ತೆಗೆದಳು. ದೂರಿನಲ್ಲಿ ಬರೆಯಲೆಂದು ಡಾಕ್ಟರಿಂದ ಮೊಣಕಾಲಿನ ಊತವನ್ನು ಅಳೆಸಿದಳು. ಬಲ ಮೊಣಕಾಲಿನ ಸುತ್ತಳತೆ ಮೂವತ್ತೈದು ಸೆಂಟಿಮೀಟರ್. ಎಡದ್ದು ಮೂವತ್ತೊಂಬತ್ತೂವರೆ.