ಕೆಟ್ಟ ರಕ್ತ

ಜಿಂಗ್‌ದೆಝೆನ್‌ನ ಪಿಂಗಾಣಿ ಕಾರ್ಖಾನೆಯಲ್ಲಿ ಗುಯಿಫೆನ್ ಮೂವತ್ತು ವರ್ಷ ಹೂದಾನಿಗಳ ಮೇಲೆ ನೀಲಿ ಬಳ್ಳಿ ಬರೆದಳು. ಕೆಲಸ ಬಿಟ್ಟ ಮೇಲೂ ಬಲಭುಜದ ನೋವು ಅವಳನ್ನು ಬಿಡಲಿಲ್ಲ. ಗಂಡ ಇದ್ದಾಗ ಔಷಧಿ ಹಾಕಿದ ಸಾರಾಯಿ ಬಿಸಿ ಮಾಡಿ ತಿಕ್ಕುತ್ತಿದ್ದ. ಅವನು ಹೋದ ಮೇಲೆ, ಮಕ್ಕಳಿಲ್ಲದ ಆ ಮನೆಯಲ್ಲಿ ಅವಳೂ ನೋವೂ ಇಬ್ಬರೇ. ತಲೆ ಬಾಚಲೂ ಕೈ ಏಳದಂತಾದಾಗ ನಾಟಿ ವೈದ್ಯ ಮಾಡುವ ಪಾನ್ ಡಾಕ್ಟರ ಹತ್ತಿರ ಹೋದಳು.

ಪಾನ್ ಡಾಕ್ಟರು ಅವಳಿಗಿಂತ ಚಿಕ್ಕ ಹೆಂಗಸು; ಮಾತು ಮಾತ್ರ ಅಜ್ಜಿಯದು.

"ಕೆಟ್ಟ ರಕ್ತ ಕಟ್ಕೊಂಡು ಕೂತಿದೆ ಅಕ್ಕಾ. ಹೊರಗೆ ಹಾಕ್ದೆ ಜಾಗ ಬಿಡಲ್ಲ. ಹೆದರ್ಕೋತೀರಾ?"

"ಹೆದರಿಕೆ ಏನು? ಪಿಂಗಾಣಿ ಸುಡೋ ಭಟ್ಟಿ ಪಕ್ಕ ಬಾಳಿದೋಳು ನಾನು."

"ಹಾಗಾದ್ರೆ ಬೋರಲು ಮಲಕ್ಕೊಳ್ಳಿ."

ನೋವಿನ ಜಾಗ ಹುಡುಕುತ್ತಾ ಡಾಕ್ಟರ ಅಂಗೈ ಬೆನ್ನ ಮೇಲೆ ನಿಧಾನವಾಗಿ ಓಡಾಡಿತು. ಗುಯಿಫೆನ್‌ಗೆ ಕಣ್ಣು ತುಂಬಿ ಬಂತು.

"ಅಯ್ಯೋ, ಇನ್ನೂ ಚುಚ್ಚೇ ಇಲ್ವಲ್ಲ!" ಡಾಕ್ಟರು ನಕ್ಕರು.

ಆಮೇಲೆ ಸೂಜಿ ಇರುವೆ ಕಚ್ಚಿದ ಹಾಗೆ ಚುಚ್ಚಿತು. ಗಾಜಿನ ಬಟ್ಟಲೊಳಗೆ ಬೆಂಕಿ ಆಡಿಸಿ ಬೆನ್ನಿಗೆ ಕವುಚಿದೊಡನೆ ಅದು ಮಾಂಸವನ್ನು ಕಚ್ಚಿ ಹಿಡಿಯಿತು. ಹಿಪ್ಪುನೇರಳೆ ರಸದಂಥ ಕಪ್ಪು ರಕ್ತ ಒಸರಿತು. ಕೊನೆಗೆ ಬಟ್ಟಲು ತೆಗೆದು, ಬಿಸಿ ಬಟ್ಟೆಯಲ್ಲಿ ಬೆನ್ನೊರೆಸಿದರು.

ಮರುದಿನ ಕೈ ಸಲೀಸಾಗಿ ಎದ್ದಿತು. ಬಿದಿರಗಳುವಿನ ಮೇಲೆ ತಾನೇ ಬಟ್ಟೆ ಹರವಿದಳು. ಯಾರಿಗಾದರೂ ಹೇಳೋಣವೆಂದರೆ ಹೇಳಲು ಯಾರಿದ್ದರು?

ವಾರ ಕಳೆಯುವಷ್ಟರಲ್ಲಿ ಮತ್ತೆ ಹೋಗಿ, "ಹಿಡ್ಕೊಂಡ್ಬಿಟ್ಟಿದೆ ಡಾಕ್ಟ್ರೇ," ಎಂದಳು. ಮತ್ತೆ ಸೂಜಿ, ಮತ್ತೆ ಬಟ್ಟಲು. ಮುಂದಿನ ವಾರವೂ ಹೋದಳು. ಬೆಂಚಿನ ಮೇಲೆ ಕೂತಿದ್ದ ಕುಳ್ಳ ಅಜ್ಜಿಯೊಬ್ಬಳು, "ಆ ಚೀಲ ಸ್ವಲ್ಪ ಇಳಿಸ್ಕೊಡಮ್ಮಾ," ಅಂದಾಗ, ಎತ್ತರದ ಮೊಳೆಯಿಂದ ಬಲಗೈಯಲ್ಲೇ ಇಳಿಸಿಕೊಟ್ಟಳು. ತಿರುಗಿದರೆ ಬಾಗಿಲಲ್ಲಿ ಪಾನ್ ಡಾಕ್ಟರು.

ಒಳಗೆ ಹೋದ ಮೇಲೆ ಡಾಕ್ಟರು ಸೂಜಿ ತೆಗೆಯಲಿಲ್ಲ.

"ನೋವು ಹೋಗಿದೆ ಅಲ್ವಾ ಅಕ್ಕಾ?"

"ಹೋಗಿದೆ."

"ಮತ್ಯಾಕೆ ಸುಮ್ನೆ ರಕ್ತ ಕಳ್ಕೋತೀರಿ? ಒಳ್ಳೇ ರಕ್ತ ಅದು."

ಗುಯಿಫೆನ್ ತನ್ನ ಅಂಗಿಯ ಅಂಚನ್ನೇ ಹಿಂಡುತ್ತಾ ಕೂತಳು. "ನೀವು ಬೆನ್ನು ಮುಟ್ಟಿ ನೋಡ್ತೀರಲ್ಲ..." ಎಂದಳು. "ಚುಚ್ಚೋಕೆ ಮುಂಚೆ. ಅದಕ್ಕೇ ಬಂದೆ. ನಗಬೇಡಿ."

ಡಾಕ್ಟರು ನಗಲಿಲ್ಲ. ಬಟ್ಟೆಯೊಂದನ್ನು ಬಿಸಿನೀರಲ್ಲಿ ಹಿಂಡಿ ಅವಳ ಬೆನ್ನ ಮೇಲೆ ಹಾಸಿ, ಅದು ಆರುವವರೆಗೂ ಮೇಲೆ ಕೈಯಿಟ್ಟುಕೊಂಡು ನಿಂತರು. ಹೊರಗೆ ಯಾರೋ ಕೆಮ್ಮಿದರು.

"ಇನ್ನು ಚುಚ್ಚಲ್ಲ," ಎಂದರು ಮೆಲ್ಲಗೆ. "ಚಹಾ ಕುಡಿಯೋಕೆ ಬನ್ನಿ, ಯಾವಾಗಾದ್ರೂ."

"ಬರ್ತೀನಿ," ಎಂದಳು ಗುಯಿಫೆನ್.

ಆದರೆ ಹೋಗಲಿಲ್ಲ. ಕಾಯಿಲೆಯಿಲ್ಲದೆ ಆ ಬಾಗಿಲು ತಟ್ಟಲು ನಾಚಿಕೆಯಾಯಿತು. ಬೆನ್ನಿನ ಮೇಲಿನ ಕೆಂಪು ಉಂಗುರಗಳು ದಿನದಿನಕ್ಕೆ ಮಾಸಿದವು. ಅವು ಪೂರ್ತಿ ಹೋದದ್ದು ಅವಳಿಗೆ ಗೊತ್ತೇ ಆಗಲಿಲ್ಲ; ಬೆನ್ನು ನೋಡಿ ಹೇಳುವವರು ಬೇಕಲ್ಲ.